ಮಾವ ಬೆಳ್ಳಗಾದದ್ದು

ನಮ್ಮ ಓನರ್ ಮಾವ ಐವತ್ತು ದಾಟಿದ ಮೇಲೆ ಬೆಳ್ಳಗಾದರು. ಮೊದಲು ಕೆನ್ನೆ, ಆಮೇಲೆ ಕತ್ತು, ಆಮೇಲೆ ಅಂಗಿಯ ತೋಳಿನಿಂದ ಹೊರಗೆ ಕಾಣುವ ಕೈ. ಹುಟ್ಟಿದಾಗಿನಿಂದ ರಾಗಿ ಮುದ್ದೆಯ ಬಣ್ಣದಲ್ಲಿದ್ದ ಮನುಷ್ಯ ಒಂದು ವರ್ಷದೊಳಗೆ ಗೋಧಿ ಬಣ್ಣಕ್ಕೆ ತಿರುಗಿಬಿಟ್ಟರು. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಪೂರಿಯಂತೆ ಉಬ್ಬಿರುತ್ತಿದ್ದವು, ಕಾಫಿ ಕುಡಿಯುವ ಹೊತ್ತಿಗೆ ಇಳಿಯುತ್ತಿದ್ದವು. ಹೊಸೂರು ಬಸ್ ಸ್ಟ್ಯಾಂಡಿನ ಹೂವಿನ ವ್ಯಾಪಾರಿ "ಎನ್ನ ಸಾರ್, ಮಾಪಿಳ್ಳೈ ಮಾದಿರಿ ಇರುಕ್ಕೀಂಗ" ಎಂದು ಮದುಮಗನಿಗೆ ಹೋಲಿಸಿ ರೇಗಿಸಿದರೆ, ಮಾವ ಮೀಸೆ ತಿರುವಿ "ಕ್ರೀಮ್ ಇಲ್ಲಪ್ಪಾ, ಮಾತ್ತಿರೈ" ಎಂದು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ಆ ಬಣ್ಣವೂ ರೆಪ್ಪೆಯ ಊತವೂ ಮಾತ್ರೆಯ ಕೃಪೆ. ಅವರ ಪ್ರಾಣ ಉಳಿದದ್ದೂ ಆ ಮಾತ್ರೆಯಿಂದಲೇ.

ನಾವು ತುಮಕೂರು ಕಡೆಯವರು. ಅಪ್ಪನಿಗೆ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿ, ಜೂಜುವಾಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಬಾಡಿಗೆಗೆ ಬಂದಿದ್ದೆವು. ರಸ್ತೆಯ ಕಡೆಗೆ ಮೂರು ಮನೆಗಳ ಸಾಲು, ಅದರ ಹಿಂದೆ ಗುಲಾಬಿ ತೋಟ. ಮೂರರಲ್ಲಿ ಎರಡು ಮನೆ ಬಾಡಿಗೆಗೆ, ಒಂದರಲ್ಲಿ ಅವರ ಸಂಸಾರ. ಅಪ್ಪ ಅವರನ್ನು ಓನರ್ ಎನ್ನುತ್ತಿದ್ದರು, ನಾನು ಮಾವ ಎನ್ನುತ್ತಿದ್ದೆ, ಎರಡೂ ಸೇರಿ ಓನರ್ ಮಾವ ಆದರು. ಅವರ ಹೆಂಡತಿ ನನಗೆ ಅತ್ತೆ, ಮಗಳು ಅಕ್ಕ. ಗುಲಾಬಿಗೆ ಕಸಿ ಕಟ್ಟುವುದರಲ್ಲಿ ಮಾವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆಳುಗಳನ್ನು ಬೈಯುವುದು ತೆಲುಗಿನಲ್ಲಿ, ವ್ಯಾಪಾರ ತಮಿಳಿನಲ್ಲಿ, ಕತೆ ಹೊಡೆಯುವುದು ಕನ್ನಡದಲ್ಲಿ. ಯಾರು ಯಾವ ಕಷ್ಟ ಹೇಳಿಕೊಂಡು ಬಂದರೂ "ಒಸಿ ತಡ್ಕಳಮ್ಮಿ, ಚಿಗುರ್ತದೆ" ಎನ್ನುವುದು ಅವರ ವಾಡಿಕೆ. ನಾನು ಗಣಿತದಲ್ಲಿ ಫೇಲಾದಾಗಲೂ ಇದೇ ಮಾತು, ನಮ್ಮ ಮಿಕ್ಸಿ ಕೆಟ್ಟಾಗಲೂ ಇದೇ ಮಾತು.

ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಮಾವ ಸೊರಗತೊಡಗಿದರು. ಮೈಯೆಲ್ಲ ಇಳಿದರೂ ಹೊಟ್ಟೆಯ ಎಡಭಾಗ ಮಾತ್ರ ಕಲ್ಲಿಟ್ಟಂತೆ ಭಾರ. ಹೊಸೂರಿನ ಡಾಕ್ಟರು ರಕ್ತ ನೋಡಿ ಬೆಂಗಳೂರಿಗೆ ಬರೆದುಕೊಟ್ಟರು. "ಸೈನ್ಸು ಓದೋಳು ನೀನು, ಜೊತೆಗೆ ಬಾ" ಎಂದು ಮಾವ ನನ್ನನ್ನೂ ಕರೆದುಕೊಂಡು ಹೋದರು. ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ವರ್ಣತಂತುಗಳ ಪರೀಕ್ಷೆ ಮಾಡಬೇಕು, ಅದರ ಫಲಿತಾಂಶ ಬಂದ ಮೇಲೆ ಔಷಧಿಯ ಮಾತು ಎಂದು ಅಲ್ಲಿನ ಡಾಕ್ಟರು ಕಳುಹಿಸಿದರು.

ಮಾವನಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಕ್ಯಾನ್ಸರ್ ಅಂದ ಮೇಲೆ ಮುಗಿಯಿತು ಎಂದು ತೀರ್ಮಾನಿಸಿ, ಮನೆಗೆ ಬಂದವರೇ ಸಾಮಾನು ಹಂಚಲು ಶುರು ಮಾಡಿದರು. ಸ್ಕೂಟರ್ ಭಾಮೈದನಿಗೆ, ರೇಡಿಯೋ ನಮ್ಮಪ್ಪನಿಗೆ, ಮುದ್ದಿನ ಹುಂಜ ಟೀ ಅಂಗಡಿಯವನಿಗೆ. ಅತ್ತೆ ಅಳುತ್ತಿದ್ದರೆ ಮಾವ ಯಾರಿಗೆ ಏನು ಕೊಡಬೇಕು ಎನ್ನುವ ಲೆಕ್ಕದಲ್ಲಿ ಮುಳುಗಿದ್ದರು. ಮುಂದೆ ಮೈ ಕೂಡಿಕೊಂಡ ಮೇಲೆ ಸ್ಕೂಟರೂ ರೇಡಿಯೋವೂ ತಾವಾಗಿಯೇ ವಾಪಸು ಬಂದವು. ಹುಂಜ ಮಾತ್ರ ಸಾರಾಗಿ ಹೋಗಿತ್ತು. "ನಾನು ಬದುಕ್ಕಂಡೆ, ಅದು ಹೋಗ್ಬುಡ್ತು" ಎಂದು ಮಾವ ಎಷ್ಟೋ ದಿನ ಪೇಚಾಡಿಕೊಂಡರು.

ಫಲಿತಾಂಶ ಬಂದ ದಿನ ಡಾಕ್ಟರು ನಗುತ್ತಿದ್ದರು. ಎರಡು ವರ್ಣತಂತುಗಳ ತುದಿಗಳು ಮುರಿದು ಅದಲುಬದಲಾಗಿ ಅಂಟಿಕೊಂಡಿವೆ, ಹಾಗೆ ಅಂಟಿದ ಜಾಗದಲ್ಲಿ ಹುಟ್ಟಿದ ಹೊಸ ಜೀನು ಬಿಳಿ ರಕ್ತಕಣಗಳನ್ನು ಮಾಡುತ್ತಲೇ ಇರಿ ಎಂದು ಆಜ್ಞೆ ಕೊಡುತ್ತಿದೆ ಎಂದು ವಿವರಿಸಿದರು. "ಆ ಒಂದು ಆಜ್ಞೆಯನ್ನು ಮಾತ್ರ ನಿಲ್ಲಿಸುವ ಮಾತ್ರೆ ಈಗ ಬಂದಿದೆ. ಕೆಲವು ವರ್ಷ ಮುಂಚೆ ನೀವು ಬಂದಿದ್ದರೆ ನನ್ನ ಕೈಯಲ್ಲಿ ಇದು ಇರಲಿಲ್ಲ" ಎಂದರು. ಅಷ್ಟು ದುಬಾರಿ ಮಾತ್ರೆಯನ್ನು ಕೊಳ್ಳಲಾಗದವರಿಗೆ ಬಿಟ್ಟಿಯಾಗಿ ಕೊಡುವ ಏರ್ಪಾಡೂ ಇತ್ತು, ಮಾವನಿಗೂ ಅದು ಸಿಕ್ಕಿತು. ದಿನಾ ಹೊಟ್ಟೆ ತುಂಬ ತಿಂದು, ದೊಡ್ಡ ಲೋಟದ ತುಂಬ ನೀರಿನ ಜೊತೆ ನುಂಗಬೇಕು. ಚೆನ್ನಾಗಿದ್ದೇನೆ ಎಂದು ಯಾವತ್ತೂ ನಿಲ್ಲಿಸಬಾರದು. ಇಷ್ಟೇ ನಿಯಮ. ಮೊದಲ ತಿಂಗಳಲ್ಲೇ ಹೊಟ್ಟೆಯ ಕಲ್ಲು ಕರಗಿತು. ಮಾವ ಮತ್ತೆ ತೋಟಕ್ಕಿಳಿದರು. ಅವತ್ತು ಅತ್ತೆ ಮೂರೂ ಮನೆಗೆ ಒಬ್ಬಟ್ಟು ಮಾಡಿದರು.

ಆ ಕೆಟ್ಟ ವರ್ಣತಂತುವಿಗೆ ಅಮೆರಿಕದ ಒಂದು ಊರಿನ ಹೆಸರಿದೆ ಎಂದು ನಾನು ಹೇಳಿದ್ದೇ ತಡ, ಮಾವನಿಗೆ ಹಿಡಿಯಲಾರದಷ್ಟು ಹೆಮ್ಮೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು "ನೀವು ಹೊಸೂರು ದಾಟಿಲ್ಲ ಕಣ್ರಲಾ. ನನ್ನ ರಕ್ತದಾಗೆ ಅಮೆರಿಕದ ಊರೈತೆ. ಜೀನು ಕಾಯ್ಲೆ ಇದು, ಎಲ್ರಿಗೂ ಬರಾದಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದರು. ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ಮನೆಗೆ ಹೋಗಿ ಹೇಳುತ್ತಲೂ ಇದ್ದರು.

ಹಾಗೆ ಹೇಳಿದ ಮಾತು ಜವಳಗಿರಿಗೆ ಹೋಗಿ ಮುಟ್ಟಿತು. ಅಕ್ಕನಿಗೆ ಅಲ್ಲಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ ಹೊಸೂರಿನ ಫ್ಯಾಕ್ಟರಿಗೆ ಹೋಗಿಬರುವವನು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ದೀಪಾವಳಿ ಕಳೆದ ಮೇಲೆ ಲಗ್ನ. ಒಂದು ಭಾನುವಾರ ಹುಡುಗನ ಅಜ್ಜಿ, ಆ ಮನೆಯ ಹಿರಿಯಾಕೆ, ಹೇಳದೆ ಕೇಳದೆ ಬಂದು ಜಗಲಿಯ ಮೇಲೆ ಕೂತರು. ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಜೀನು ಕಾಯ್ಲೆ ಅಂತೆ? ಜೀನು ಅಂದ್ರೆ ವಂಶದ್ದೇ ತಾನೆ? ನಾಳೆ ನಮ್ಮನೆ ಮಕ್ಳಿಗೆ ಬಂದ್ರೆ?"

"ಹೇಳಮ್ಮಿ, ಬರಲ್ಲ ಅಂತ ಹೇಳು" ಎಂದು ಮಾವ ನನ್ನ ಕಡೆ ತಿರುಗಿದರು. ಇದು ಮಾವ ಹುಟ್ಟುವಾಗ ಇದ್ದದ್ದಲ್ಲ, ಅವರ ಮೂಳೆಯೊಳಗಿನ ಮಜ್ಜೆಯಲ್ಲಿ ನಡುವೆ ಆದದ್ದು, ಮಕ್ಕಳಿಗೆ ಇಳಿಯುವುದಿಲ್ಲ ಎಂದು ನನಗೆ ತಿಳಿದ ಹಾಗೆ ಹೇಳಿದೆ. ಅಜ್ಜಿ ನನ್ನ ಎರಡು ಜಡೆ ನೋಡಿ, ಚಿಕ್ಕ ಹುಡುಗಿಯ ಮಾತು ಎಂದು ಮುಖ ತಿರುಗಿಸಿದರು. ಏಳುವಾಗ, "ನಾನು ಮಾತು ಮುರಿಯೋಳಲ್ಲಪ್ಪ. ಆದ್ರೆ ಲಗ್ನದ ದಿನ ಹೆಣ್ಣಿನ ಅಪ್ಪ ಇಂಗೆ ಬಿಳುಚ್ಕಂಡು ನಿಂತ್ರೆ ನಾಕು ಜನ ಕೇಳ್ತಾರೆ. ನಾನೇನು ಹೇಳ್ಲಿ?" ಎಂದು ಹೋದರು.

ಅವತ್ತಿನಿಂದ ಮಾವ ಟೀ ಅಂಗಡಿಗೆ ಹೋಗುವುದು ಬಿಟ್ಟರು. ಬಾಯಿಬಡುಕ ಮನುಷ್ಯ ಮೂಕನಾದದ್ದು ನೋಡಿ ನಮಗೆಲ್ಲ ಸಂಕಟವಾಯಿತು. ಆದರೆ ಸ್ವಲ್ಪ ದಿನಕ್ಕೆ ಮತ್ತೆ ಗೆಲುವಾದರು. ಲಗ್ನಪತ್ರಿಕೆ ಅಚ್ಚಿಗೆ ಹೋಯಿತು, ಚಪ್ಪರದವನಿಗೆ ಹೇಳಿ ಆಯಿತು.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಹೂ ಕೇಳಲು ಹೋದಾಗ ಅತ್ತೆ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡು, "ನೋಡೇ ನಿಮ್ಮ ಮಾವನ್ನ, ಮೊದ್ಲಿನಂಗೇ ಆಯ್ತಾವ್ರೆ! ಕಾಯ್ಲೆ ಪೂರ್ತಿ ಹೋಗ್ಬುಡ್ತು ಅನ್ಸುತ್ತೆ" ಎಂದರು. ಅವರ ಮುಖದಲ್ಲಿ ಹಬ್ಬ ಇನ್ನೂ ಮುಗಿದಿರಲಿಲ್ಲ. ನಾನು ಮಾವನನ್ನು ನೋಡಿದೆ. ರೆಪ್ಪೆಗಳು ಊದಿರಲಿಲ್ಲ. ಕೆನ್ನೆಯ ಮೇಲೆ ಹಳೆಯ ಕಪ್ಪು ಹರಡುತ್ತಿತ್ತು. ಕೂತಲ್ಲೇ ಎಡಗೈಯನ್ನು ಹೊಟ್ಟೆಯ ಪಕ್ಕಕ್ಕೆ ಒತ್ತಿ ಹಿಡಿದಿದ್ದರು.

"ಮಾವ, ಮಾತ್ರೆ ತಗೋತಿದ್ದೀರಾ?"

"ಮೆತ್ತಗೆ ಮಾತಾಡಮ್ಮಿ" ಎಂದು ನನ್ನನ್ನು ಗುಲಾಬಿ ಸಾಲಿನ ಮರೆಗೆ ಕರೆದುಕೊಂಡು ಹೋದರು. "ಬುಟ್ಬುಟ್ಟು ಎರಡು ತಿಂಗ್ಳಾಯ್ತು. ಲಗ್ನ ಒಂದು ಆಗೋಗ್ಲಿ. ಆಮ್ಯಾಕೆ ದಿನಾ ಎರಡೆರಡು ನುಂಗ್ತೀನಿ. ನಿನ್ನ ದಮ್ಮಯ್ಯ, ಯಾರ್ಗೂ ಹೇಳ್ಬ್ಯಾಡ."

ನಾನು ನೇರ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಹೂ ಬಿಡಿಸುತ್ತಿದ್ದಳು. ಬುಟ್ಟಿ ಕೆಳಗಿಟ್ಟು ಅಂಗಳಕ್ಕೆ ಬಂದಳು. ಅಳಲಿಲ್ಲ. ಮೂರೂ ಮನೆಗೆ ಕೇಳುವ ಹಾಗೆ ಹೇಳಿದಳು:

"ಅಪ್ಪಾ, ನೀನು ಕರ್ರಗೆ ಬಂದು ನಿಂತ್ರೆ ನಾನು ಹಸೆಮಣೆ ಮ್ಯಾಲೆ ಕೂತ್ಕಳಲ್ಲ. ನೀನು ಬೆಳ್ಳಗಾಗೋಗಂಟ ಲಗ್ನ ಇಲ್ಲ. ಹೋಗಿ ಹೇಳು ಅವ್ರಿಗೆ."

"ಹುಚ್ಚಿ, ಪತ್ರಿಕೆ ಹಂಚಾಗೈತೆ. ಜನ ಏನಂತಾರೆ?"

"ಜನ ಊಟಕ್ಕೂ ಬತ್ತಾರೆ, ಮಣ್ಣಿಗೂ ಬತ್ತಾರೆ. ನಂಗೆ ಧಾರೆ ಎರೆಯಕ್ಕೆ ನೀನು ಬೇಕು."

ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಕ್ಕ ಒಳಗಿಂದ ಅನ್ನದ ತಟ್ಟೆ, ಮಾತ್ರೆ, ನೀರಿನ ಚೊಂಬು ತಂದು ಅವರ ಮುಂದೆ ಇಟ್ಟು, ಅವರು ನುಂಗುವವರೆಗೆ ನಿಂತಿದ್ದಳು.

ಮರುದಿನ ಬೆಂಗಳೂರಿಗೆ ಹೋದೆವು. ಬಿಳಿ ಕಣಗಳು ಏರಿದ್ದವು. ಡಾಕ್ಟರು ಕೋಪದಲ್ಲಿ ಫೈಲನ್ನು ಮೇಜಿನ ಮೇಲೆ ಕುಕ್ಕಿದರು. "ನಿಲ್ಲಿಸಿದ ಮೇಲೆ ಕೆಲವರಿಗೆ ಈ ಮಾತ್ರೆ ಮೊದಲಿನಷ್ಟು ಹಿಡಿಯುವುದಿಲ್ಲ. ನೋಡೋಣ" ಎಂದಷ್ಟೇ ಹೇಳಿದರು. ಆ 'ನೋಡೋಣ'ವನ್ನು ಹೊತ್ತುಕೊಂಡು ನಾವು ವಾಪಸು ಬಂದೆವು. ಲಗ್ನ ಮುಂದಕ್ಕೆ ಹೋಯಿತು. ಅತ್ತೆ ದಿನಾ ಬೆಳಿಗ್ಗೆ ಗಂಡ ಏಳುವ ಮೊದಲೇ ಎದ್ದು ಅವರ ಮುಖ ನೋಡುತ್ತ ಕೂರುತ್ತಿದ್ದರು. ಒಂದು ದಿನ ಹಾಲಿನವನು ಬರುವ ಹೊತ್ತಿಗೆ ಅವರ ಕೂಗು ಕೇಳಿತು: "ಊದವೆ ಕಣೇ! ಕಣ್ಣು ಊದವೆ!" ನಾವೆಲ್ಲ ಓಡಿಹೋದೆವು. ಚಾಪೆಯ ಮೇಲೆ ಎದ್ದು ಕೂತಿದ್ದ ಮಾವ ಪೂರಿಯಂಥ ರೆಪ್ಪೆಗಳ ಸಂದಿಯಿಂದ ನಮ್ಮನ್ನು ನೋಡಿ ಪೆಚ್ಚಾಗಿ ನಗುತ್ತಿದ್ದರು. ನಮ್ಮಮ್ಮ ಅಡುಗೆಮನೆಗೆ ಹೋಗಿ ಎಲ್ಲರ ಬಾಯಿಗೂ ಸಕ್ಕರೆ ತಂದು ಹಾಕಿದಳು.

ಮುಂದಿನ ಸಲ ಬೆಂಗಳೂರಿಗೆ ಹೊರಟಾಗ ಹುಡುಗ ತನ್ನ ಅಜ್ಜಿಯನ್ನು ಕರೆದುಕೊಂಡು ಬಂದ. ನೀವೇ ಬಂದು ಕೇಳಿ ಎಂದು ಹಟ ಹಿಡಿದಿದ್ದನಂತೆ. ಆಸ್ಪತ್ರೆಯ ಬೆಂಚುಗಳ ಮೇಲೆ ಇದೇ ಮಾತ್ರೆಯವರು ಸಾಲಾಗಿ ಕೂತಿದ್ದರು. ಲಾರಿ ಡ್ರೈವರ್, ಟೀಚರು, ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು. ಎಲ್ಲರದೂ ಬೆಳಗಿನ ಊತ ಇನ್ನೂ ಇಳಿಯದ ರೆಪ್ಪೆ, ಎಲ್ಲರದೂ ತಿಳಿಯಾದ ಬಣ್ಣ. ಅಜ್ಜಿ ಮಾವನ ಕಿವಿಯಲ್ಲಿ, "ಇವ್ರೆಲ್ಲ ನಿಮ್ಮ ನೆಂಟ್ರಾ?" ಎಂದರು. ಮಾವನಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಗು ಬಂತು. "ಹೂನಮ್ಮ, ಅಮೆರಿಕದ ಕಡೆಯೋರು" ಎಂದರು.

ಮಾವನ ಬಿಳಿ ಕಣಗಳು ಮತ್ತೆ ಇಳಿದಿದ್ದವು. ಡಾಕ್ಟರು ಅಜ್ಜಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಇದು ಮಾವನಿಗೆ ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಜ್ಜೆಯ ಒಂದು ಕಣದಲ್ಲಿ ಈಚೆಗೆ ಆದ ಎಡವಟ್ಟು ಎಂದರು. "ಹುಡುಗಿ ಹುಟ್ಟಿದ್ದು ಇದಕ್ಕೆ ಎಷ್ಟೋ ವರ್ಷ ಮುಂಚೆ ಅಲ್ವಾ ಅಜ್ಜಿ? ಇನ್ನು ಮುಂದೆ ಇವರಿಗೆ ಮಕ್ಕಳು ಹುಟ್ಟಿದರೂ ಆ ಮಕ್ಕಳಿಗೆ ಬರಲ್ಲ."

ಅಜ್ಜಿ ಒಂದು ಗಳಿಗೆ ಯೋಚಿಸಿ ನನ್ನ ಕಡೆ ತಿರುಗಿ, "ಅವತ್ತೇ ಇಂಗೆ ಬುಡಿಸಿ ಹೇಳ್ಬಾರ್ದಾಗಿತ್ತಾ?" ಎಂದು ಗದರಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಮಾವನ ಪಕ್ಕದಲ್ಲೇ ಕೂತು ಮಾತ್ರೆ ಯಾವಾಗ, ಹೇಗೆ, ಏನು ತಿಂದು ಎಂದು ಕೇಳುತ್ತ ಬಂದರು.

ಮಾಘದಲ್ಲಿ ಲಗ್ನ. ಹೊಸೂರಿನ ಛತ್ರದ ತುಂಬ ಮಾವ ಕಟ್ಟಿಸಿದ ಗುಲಾಬಿ ಹಾರಗಳು. ಬಿಳಿ ಪಂಚೆ, ಮೈಸೂರು ಪೇಟದಲ್ಲಿ ಮಾವ ಎಲ್ಲರಿಗಿಂತ ಬೆಳ್ಳಗೆ ಹೊಳೆಯುತ್ತಿದ್ದರು. ಧಾರೆ ಎರೆಯುವ ತಂದೆ ತಾಯಿ ಅದು ಮುಗಿಯುವವರೆಗೆ ಏನೂ ತಿನ್ನುವಂತಿಲ್ಲ ಎನ್ನುವುದು ಅವರಲ್ಲಿ ಕಟ್ಟುನಿಟ್ಟು. ಮುಹೂರ್ತ ಮಧ್ಯಾಹ್ನದ ಹತ್ತಿರಕ್ಕೆ. ಬೆಳಗಿನ ಮಾತ್ರೆಯ ಹೊತ್ತು ಮೀರುತ್ತಿತ್ತು. ಊಟದ ಮೇಲೆ ತೆಗೆದುಕೊಂಡಿದ್ದರೂ ನಡೆಯುತ್ತಿತ್ತು. ಆದರೆ ಎರಡು ತಿಂಗಳು ತಪ್ಪಿಸಿದ ಮನುಷ್ಯನನ್ನು ನಂಬುವವರು ಯಾರೂ ಇರಲಿಲ್ಲ. ಹಸೆಮಣೆಯ ಮೇಲಿಂದ ಅಕ್ಕ ತಲೆ ಎತ್ತಿ ಎತ್ತಿ ಅಪ್ಪನನ್ನೇ ನೋಡುತ್ತಿದ್ದಳು. ಮಾವ ಪುರೋಹಿತರ ಮುಖ ನೋಡಿದರು. ಪುರೋಹಿತರು ಆಗದು ಎಂದು ತಲೆ ಅಲ್ಲಾಡಿಸಿದರು.

ಅಷ್ಟರಲ್ಲಿ ಗಂಡಿನ ಕಡೆಯ ಸಾಲಿನಿಂದ ಅಜ್ಜಿ ಎದ್ದರು. ಅಡುಗೆಮನೆಗೆ ಹೋಗಿ ಎಲೆಯ ತುಂಬ ಉಪ್ಪಿಟ್ಟು, ಇನ್ನೊಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ಮಂಟಪಕ್ಕೇ ಹತ್ತಿದರು. ಸಭೆಯೆಲ್ಲ ನೋಡುತ್ತಿತ್ತು.

"ಸ್ವಾಮಿ, ಒಸಿ ಮಂತ್ರ ನಿಲ್ಸಿ" ಎಂದು ಪುರೋಹಿತರಿಗೆ ಹೇಳಿ, ಎಲೆಯನ್ನು ಮಾವನ ತೊಡೆಯ ಮೇಲಿಟ್ಟರು. "ಉಣ್ಣಪ್ಪ ಮೊದ್ಲು. ಹೊಟ್ಟೆ ತುಂಬ ಉಂಡು ಮಾತ್ರೆ ನುಂಗು. ಧಾರೆ ಆಮ್ಯಾಕೆ ಎರೆಯೀವಂತೆ. ಯಾವನಾದ್ರೂ ಕೇಳಿದ್ರೆ ನಾನು ಹೇಳ್ತೀನಿ."

ಯಾರೂ ಕೇಳಲಿಲ್ಲ. ಮಾವ ಕಣ್ಣೀರು ಸುರಿಸುತ್ತ ಉಪ್ಪಿಟ್ಟು ತಿಂದರು, ಅಜ್ಜಿ ಸೆರಗಿನಿಂದ ಗಾಳಿ ಬೀಸುತ್ತ ನಿಂತಿದ್ದರು, ವಾಲಗದವರು ಯಾರೂ ಹೇಳದಿದ್ದರೂ ಬಾರಿಸಿದರು.

ಮಾವ ಆಮೇಲೆ ಬಹಳ ವರ್ಷ ಇದ್ದರು. ಮೂವರು ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತೋಟ ತಿರುಗಿಸಿದರು. ಕೊನೆಗೆ ಹೋದದ್ದು ಹೃದಯ ನಿಂತು, ಮಧ್ಯಾಹ್ನದ ನಿದ್ದೆಯಲ್ಲಿ. ಆ ರಕ್ತದ ಕಾಯಿಲೆ ಅವರನ್ನು ಗೆಲ್ಲಲೇ ಇಲ್ಲ. ನಾನು ವರ್ಣತಂತುಗಳನ್ನೇ ಓದಿದೆ. ಈಗ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಯ ಫಲಿತಾಂಶವನ್ನು ಮನೆಯವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಅವರ ಕಾಯಿಲೆಯೇ ಇರುವವರು ಎದುರು ಬಂದು ಕೂತರೆ, ಕಾಯಿಲೆಯ ಹೆಸರು ಹೇಳುವ ಮೊದಲೇ ನಾನು ಹೇಳುವುದು ಒಂದೇ ಮಾತು: "ಇದು ನಿಮ್ಮ ಮಕ್ಕಳಿಗೆ ಬರುವುದಿಲ್ಲ." ಎಷ್ಟೋ ಜನ ಆ ಒಂದು ಮಾತಿಗೇ ಅಳುತ್ತಾರೆ. ಅವರು ಕಣ್ಣೊರೆಸಿಕೊಳ್ಳುವವರೆಗೆ ನಾನು ಕಾಯುತ್ತೇನೆ.