ಕಾಲಿಗೆ ಬುದ್ಧಿ ಹೇಳಿದ ಮೊಮ್ಮಗಳು

ಮೊಮ್ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಮಿಷನ್ ಹಾಕಿಸಿದ ಮೇಲೆ ಶಬ್ದ ಕೇಳತೊಡಗಿತು. ಮಾತು ಮಾತ್ರ ಒಂದೊಂದೇ ಪದ, ಅದೂ ನಾವು ಕೇಳಿದರೆ. ಏನಾದರೂ ಬೇಕಿದ್ದರೆ ನನ್ನ ಸೆರಗು ಜಗ್ಗಿ ಬೆರಳು ತೋರಿಸುತ್ತಿದ್ದಳು. ಮಗಳು, ಅಳಿಯ ಇಬ್ಬರಿಗೂ ಭದ್ರಾವತಿಯಲ್ಲಿ ಕೆಲಸ. ಮಾತು ಕಲಿಸುವ ಮೇಡಂ ಇರುವುದು ಶಿವಮೊಗ್ಗದಲ್ಲಿ. ಹಾಗಾಗಿ ವಾರವೆಲ್ಲ ಮಗು ದುರ್ಗಿಗುಡಿಯ ನಮ್ಮ ಮನೆಯಲ್ಲೇ. ಇವಳು ತಾನಾಗಿ ಮಾತಾಡುವ ದಿನ ಬರುತ್ತದೋ ಇಲ್ಲವೋ ಎಂಬುದೊಂದೇ ನಮ್ಮೆಲ್ಲರ ಚಿಂತೆಯಾಗಿತ್ತು.

"ಟೀವಿ ಹಾಕಿ ಅಡುಗೆಮನೆಗೆ ಹೋಗ್ಬೇಡಿ ಅಮ್ಮಾ, ಪಕ್ಕದಲ್ಲೇ ಕೂತು ಅರ್ಥ ಹೇಳಿ" ಎಂದಿದ್ದರು ಮೇಡಂ.

ಕೂತೆ. ಕಾರ್ಟೂನಿನಲ್ಲಿ ನರಿಯನ್ನು ಕಂಡ ಮೊಲ, "ಕಾಲಿಗೆ ಬುದ್ಧಿ ಹೇಳ್ರೋ!" ಎಂದು ಕೂಗಿತು. ಮಗು ಟೀವಿ ಬಿಟ್ಟು ತನ್ನ ಪಾದ ನೋಡಿಕೊಂಡಿತು. ಆಮೇಲೆ ಬಗ್ಗಿ, ಬೆರಳಾಡಿಸಿ, ಗಂಭೀರವಾಗಿ ಪಾದಕ್ಕೆ "ಜಾಣ... ಜಾಣ" ಎಂದಿತು. ನಗು ತಡೆಯಲಾಗಲಿಲ್ಲ. ಬಾಯಲ್ಲಿ ವಿವರಿಸಿದರೆ ತಿಳಿಯುವಂತಿರಲಿಲ್ಲ. ಸೀರೆ ಎತ್ತಿ ಕಟ್ಟಿ ನಡುಮನೆಯ ತುಂಬ ಓಡಿದೆ.

ಪೇಪರ್ ಓದುತ್ತಿದ್ದ ನಮ್ಮ ಯಜಮಾನರು, "ಏನೇ ಮಾರಾಯ್ತಿ, ದೇವಸ್ಥಾನದ ಮೆಟ್ಟಿಲು ಹತ್ತುವಾಗ ಬರೋ ಮಂಡಿನೋವು ಈಗೆಲ್ಲಿಗೆ ಹೋಯ್ತು?" ಎಂದರು.

"ಕೂತ್ಕೊಂಡು ಮಾತಾಡೋದಲ್ಲ, ಬನ್ನಿ, ನೀವೇ ನರಿ ಆಗಿ!"

ಪಾಪ, ಬಂದರು. ಅಂದಿನಿಂದ ಅದೇ ನಮ್ಮ ಪಾಠ. ಇನ್ನೊಂದು ದಿನ ಮೊಲ "ಹೊಟ್ಟೆ ತಾಳ ಹಾಕ್ತಿದೆ" ಎಂದಾಗ, ಖಾಲಿ ತಟ್ಟೆ ಮುಂದಿಟ್ಟುಕೊಂಡು ಹೊಟ್ಟೆ ತಟ್ಟಿ ತೋರಿಸಿದೆ. ಮಗುವೂ ತಟ್ಟಿಕೊಂಡಿತು. ಮಾತು ಬರಲಿಲ್ಲ.

ನಮ್ಮಲ್ಲಿ ಲಿಂಗಪೂಜೆ ಮುಗಿಯದೆ ಯಾರಿಗೂ ತಟ್ಟೆ ಹಾಕುವ ಪದ್ಧತಿಯಿಲ್ಲ. ಮೊನ್ನೆ ಸೋಮವಾರ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದೆ. ಸೋಮವಾರವೆಂದರೆ ಪೂಜೆ ಸ್ವಲ್ಪ ಉದ್ದವೇ. ಸೆರಗು ಜಗ್ಗಿದ ಹಾಗಾಯಿತು. ದೃಷ್ಟಿ ಕದಲಿಸಲಿಲ್ಲ.

"ಅಜ್ಜಿ... ಹೊಟ್ಟೆ ತಾಳ ಹಾಕ್ತಿದೆ."

ಟೀವಿ ಹಾಕಿರಲಿಲ್ಲ. ಯಾರೂ ಏನೂ ಕೇಳಿರಲಿಲ್ಲ. "ಶಿವನೇ, ಇವತ್ತಿಗೆ ಇಷ್ಟೇ" ಎಂದು ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದೆ. ರೊಟ್ಟಿ ಹಿಟ್ಟು ಮೊದಲೇ ಕಲಸಿಟ್ಟಿದ್ದೂ ಅವನ ದಯೆಯೇ. ಬಿಸಿ ಅಕ್ಕಿರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ.

ಯಜಮಾನರು ಅಷ್ಟರಲ್ಲಿ ಭದ್ರಾವತಿಗೆ ಫೋನ್ ಹಚ್ಚಿದ್ದರು. "ನಿಜವಾಗ್ಲೂ ಅವಳೇ ಹೇಳಿದ್ಲಾ ಅಪ್ಪಾ? ಪುಟ್ಟಿ, ಇನ್ನೊಂದ್ಸಲ ಹೇಳೇ, ಅಮ್ಮಂಗೆ ಹೇಳೇ" ಎಂದು ಮಗಳು ಅಳುದನಿಯಲ್ಲಿ ಗೋಗರೆದಳು.

ಮಗು ರೊಟ್ಟಿ ನುಂಗಿ, ಫೋನಿನ ಹತ್ತಿರ ಬಾಯಿ ತಂದು ಹೇಳಿತು: "ಈಗ ತಾಳ ಇಲ್ಲ."