ಗಣಿಕೆ ಬರೆದ ಸೀತಾಳೆ ಹೂ

ನೈರೋಬಿಗೆ ಹೋದ ಹೊಸತರಲ್ಲಿ ನಾನು ರಿವರ್‌ಸೈಡಿನ ಒಂದು ಅಪಾರ್ಟ್‌ಮೆಂಟಿಗೆ ಚೀನೀ ಮಸಿಚಿತ್ರ ಕಲಿಯಲು ಹೋಗುತ್ತಿದ್ದೆ. ಗಂಡ ಔಷಧ ಕಾರ್ಖಾನೆಯಲ್ಲಿ ಮ್ಯಾನೇಜರ್, ಹಗಲೆಲ್ಲ ನಾನೊಬ್ಬಳೇ. ಕಲಿಸುತ್ತಿದ್ದವರು ಅರವತ್ತು ದಾಟಿದ ಚೀನೀ ಮಹಿಳೆ. ರಸ್ತೆ ಕಟ್ಟುವ ಕಂಪನಿಯಲ್ಲಿದ್ದ ಮಗನ ಜೊತೆ ಬಂದಿದ್ದರು.

ಅವರ ಊಟದ ಮೇಜಿನ ಪಕ್ಕದ ಗೋಡೆಯಲ್ಲಿ ಒಂದು ಸುರುಳಿಚಿತ್ರ ತೂಗುತ್ತಿತ್ತು. ಬಂಡೆಯ ಸಂದಿನಿಂದ ಚಿಮ್ಮಿದ ಸೀತಾಳೆ ಹೂ, ಅಂದರೆ ಆರ್ಕಿಡ್, ಕೆಳಗೆ ಪುಟ್ಟದೊಂದು ಕವಿತೆ. ಅದು ನಾನೂರು ವರ್ಷಗಳ ಹಿಂದೆ ನಾನ್‌ಜಿಂಗಿನ ನದಿದಂಡೆಯಲ್ಲಿದ್ದ ಗಣಿಕೆಯೊಬ್ಬಳು ಬರೆದ ಚಿತ್ರವೆಂದು ಹೇಳಿದರು. ಮಸಿ ತೇಯುತ್ತಾ ಅವಳ ಕಥೆಯನ್ನೂ ಹೇಳುತ್ತಿದ್ದರು. ಎಳೆಯ ಹುಡುಗಿಯಾಗಿದ್ದಾಗಲೇ ಅವಳನ್ನು ಮಾರಿದ್ದರು. ವೀಣೆಯಂಥ ವಾದ್ಯ, ಪದ್ಯ, ಕುಂಚ ಎಲ್ಲವನ್ನೂ ಅಲ್ಲೇ ಕಲಿತಳು. ಅವಳಿಂದ ಬೀಸಣಿಗೆಯ ಮೇಲೊಂದು ಹೂ ಬರೆಸಿಕೊಳ್ಳಲು ದೊಡ್ಡ ಅಧಿಕಾರಿಗಳು ಬಾಗಿಲಲ್ಲಿ ಕಾಯುತ್ತಿದ್ದರು. ಅವಳು ಮನಸ್ಸಿಟ್ಟಿದ್ದು ಒಬ್ಬ ಬಡ ಕವಿಯ ಮೇಲೆ. ಅವನು ಪದ್ಯ ಬರೆದು ಕಳಿಸಿದ, ಮದುವೆಯಾಗಲಿಲ್ಲ.

"ಚಳಿಗಾಲದಲ್ಲಿ ಅವಳ ಬೆರಳು ಸೆಟೆದುಕೊಳ್ಳುತ್ತಿತ್ತು," ಎಂದು ಒಮ್ಮೆ ತಮ್ಮ ಬೆರಳುಗಳನ್ನೇ ನೀವಿಕೊಂಡಾಗ ನನಗೆ ಮೊದಲ ಅನುಮಾನ ಬಂತು. ಇಷ್ಟೆಲ್ಲ ಇವರಿಗೆ ಹೇಗೆ ಗೊತ್ತು?

ವೆಸ್ಟ್‌ಲ್ಯಾಂಡ್ಸ್‌ನಲ್ಲಿದ್ದ ಮೈಸೂರಿನ ಗೆಳತಿಗೆ ಹೇಳಿದೆ. "ಅಷ್ಟು ಹಳೇ ಪೇಂಟಿಂಗ್‌ನ ಯಾರಾದ್ರೂ ಸಾರು ಸಿಡಿಯೋ ಜಾಗದಲ್ಲಿ ನೇತಾಕ್ತಾರೇನೇ? ಪಕ್ಕಾ ಫೇಕ್. ನಾಳೆ ನಿನ್ ತಲೆಗೇ ಕಟ್ತಾರೆ ನೋಡ್ತಿರು," ಎಂದಳು. ಆಮೇಲೆ ನನಗೆ ಅವರ ನಗುವೂ ಲೆಕ್ಕಾಚಾರದ್ದೆನಿಸತೊಡಗಿತು. ಚಹಾ ಕೊಟ್ಟರೂ ಯಾಕೆ ಕೊಟ್ಟರೆಂದು ಯೋಚಿಸುತ್ತಿದ್ದೆ.

ಆ ವರ್ಷ ಮುಥೈಗಾ ಬಡಾವಣೆಯಲ್ಲಿದ್ದ ರಾಯಭಾರಿಯೊಬ್ಬರ ಮನೆಯಲ್ಲಿ, ಅವರ ಬಳಿ ಕಲಿಯುತ್ತಿದ್ದ ನಮ್ಮೆಲ್ಲರ ಚಿತ್ರಗಳ ಪುಟ್ಟ ಪ್ರದರ್ಶನ ನಡೆಯಿತು. ಸುರುಳಿಯೂ ಅಲ್ಲಿತ್ತು. ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದ್ದ ಅತಿಥಿಯೊಬ್ಬರು ಅದನ್ನು ಹತ್ತಿರದಿಂದ ನೋಡಿ, "ಕೈ ಚೆನ್ನಾಗಿದೆ. ಕಾಗದ ಮಾತ್ರ ಹೊಸದು," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹಿಂತಿರುಗುವಾಗ ಟ್ಯಾಕ್ಸಿಯಲ್ಲಿ ಕೇಳಿಯೇಬಿಟ್ಟೆ. "ಅದು ಅವಳು ಬರೆದದ್ದಲ್ಲ, ಅಲ್ವಾ?"

"ನಾನು ಬರೆದದ್ದು," ಎಂದರು ಅವರು, ಕಿಟಕಿಯಿಂದ ಮುಖ ತಿರುಗಿಸದೆ. "ಅವಳದು ನಮ್ಮ ಮನೆಯಲ್ಲಿತ್ತು. ನಾನು ಚಿಕ್ಕವಳಿದ್ದಾಗ ಕ್ರಾಂತಿಯ ಹೆಸರಲ್ಲಿ ಹಳೆಯದನ್ನೆಲ್ಲ ಸುಡಿಸುತ್ತಿದ್ದರು. ಗಣಿಕೆಯ ಚಿತ್ರ ಮನೆಯಲ್ಲಿದೆ ಅಂತ ಯಾರಾದರೂ ದೂರು ಕೊಟ್ಟಾರೆಂದು ಹೆದರಿ ಅಮ್ಮ ಒಲೆಗೆ ಹಾಕಿದಳು. ನಾನು ನೋಡುತ್ತಾ ನಿಂತಿದ್ದೆ. ಎಷ್ಟೋ ವರ್ಷದ ಮೇಲೆ ನೆನಪಿನಿಂದ ಬರೆದೆ."

"ಹಾಗೇ ಇದೆಯಾ?"

"ಇಲ್ಲ. ಅವಳದರಲ್ಲಿ ಖಾಲಿ ಜಾಗವೇ ಇರಲಿಲ್ಲ. ಅವಳಲ್ಲಿಗೆ ಬಂದ ಗಂಡಸರೆಲ್ಲ ಹೂವಿನ ಸುತ್ತ ತಮ್ಮ ಹೊಗಳಿಕೆಯ ಪದ್ಯ ಬರೆದು ಮುದ್ರೆ ಒತ್ತಿದ್ದರು. ನಾನು ಅವಳ ಕವಿತೆಯೊಂದನ್ನೇ ಉಳಿಸಿಕೊಂಡೆ."

ನಂಬಬೇಕೆನಿಸಿತು. ಆದರೂ ಒಳಗೊಂದು ಧ್ವನಿ, ಒಲೆಗೆ ಹೋದದ್ದನ್ನು ಯಾರು ತಾನೇ ನೋಡಲು ಸಾಧ್ಯ, ಎಂದು ಕೆಣಕುತ್ತಲೇ ಇತ್ತು.

ಮುಂದಿನ ವಾರ ಪಾಠಕ್ಕೆ ಹೋದೆ. ಗಣಿಕೆಯ ಕೊನೆಯ ದಿನಗಳನ್ನು ಹೇಳಿದರು. ಮುಪ್ಪಿನಲ್ಲಿ ಅವಳು ಹಾಡುವ ಹುಡುಗಿಯರನ್ನು ದೋಣಿಯಲ್ಲಿ ಕರೆದುಕೊಂಡು ಆ ಕವಿಯ ಹುಟ್ಟುಹಬ್ಬಕ್ಕೆ ಹೋದಳಂತೆ. ಹಿಂತಿರುಗಿ ಬಂದು, ಸ್ನಾನ ಮಾಡಿ, ದೀಪ ಹಚ್ಚಿಟ್ಟು ಕೂತಲ್ಲೇ ಪ್ರಾಣ ಬಿಟ್ಟಳಂತೆ.

"ನಿಮಗೆ ಯಾರು ಹೇಳಿದರು?" ಎಂದೆ.

"ಅಮ್ಮ."

"ಅವರಿಗೆ?"

ಅವರು ಜೋರಾಗಿ ನಕ್ಕರು. "ಪೊಲೀಸರ ಹಾಗೆ ಕೇಳ್ತೀಯಲ್ಲ," ಎಂದು ನನ್ನ ಮುಂದೆ ಹೊಸ ಹಾಳೆ ಹಾಸಿದರು. ನಂಬಿಕೆ ಬಂದಿರಲಿಲ್ಲ. ಆದರೂ ಕುಂಚ ಎತ್ತಿಕೊಂಡೆ.