ಗೋಡೆಗೆ ಕಾಗದ ಹಚ್ಚದ ಅಭ್ಯರ್ಥಿ

ಹಿಟ್ಟಿನ ಅಂಟು ಕುದಿದು ಡಬ್ಬದ ತಳ ಹಿಡಿಯುವಾಗ ಬರುವ ವಾಸನೆಯೇ ಬೇರೆ. ಸೀದ ಗಂಜಿಯದೂ ಹೌದು, ಒದ್ದೆ ಸುಣ್ಣದ್ದೂ ಹೌದು. ಆ ವಾಸನೆಯಲ್ಲೇ ಕಣ್ಣುಬಿಟ್ಟು ಬೆಳೆದವಳು ಗೋಡೆಯಕ್ಕ. ಅಪ್ಪ ಸಿನಿಮಾ ಪೋಸ್ಟರ್ ಹಚ್ಚುವ ಕೆಲಸದವರು. ಮನೆಯ ಒಲೆಯ ಮೇಲೆ ಮೊದಲು ಅಂಟಿನ ಡಬ್ಬ ಏರುತ್ತಿತ್ತು, ಅಡುಗೆ ಏನಿದ್ದರೂ ಆಮೇಲೆ. ಹುಳ ಹತ್ತದಿರಲೆಂದು ಅಪ್ಪ ಅದಕ್ಕೆ ಚೂರು ಮೈಲುತುತ್ತ ಬೆರೆಸಿದ ಕೂಡಲೇ, "ಯಾರೂ ಬೆರಳು ಬಾಯಿಗಿಡಬೇಡಿ" ಎಂದು ಅಮ್ಮ ಒಳಗಿನಿಂದಲೇ ಗದರುತ್ತಿದ್ದರು.

ಇವತ್ತು ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಗಲ ಮೇಲೆ ಏಣಿ, ಕೈಯಲ್ಲಿ ನೀರಿನ ಬಕೆಟ್ ಹಿಡಿದು ಶಾಲೆಯ ತಿರುವಿಗೆ ಬರುತ್ತಿದ್ದಂತೆ ಅದೇ ವಾಸನೆ ಆಕೆಯ ಮೂಗಿಗೆ ಬಡಿಯುತ್ತದೆ. ಗೋಡೆ ಕಾಣುವ ಮೊದಲೇ ಇದು ಯಾರ ಕೈಕೆಲಸವೆಂದು ಗೊತ್ತಾಗಿಹೋಗುತ್ತದೆ. ಕಾಂಪೌಂಡಿನ ಉದ್ದಕ್ಕೂ, ಒಂದು ಸುಕ್ಕಿಲ್ಲದೆ, ನೂಲು ಹಿಡಿದ ಹಾಗೆ ಸಾಲಾಗಿ ಆಕೆಯದೇ ಮುಖ. ಯಾವುದೋ ಮದುವೆಯಲ್ಲಿ ತೆಗೆಸಿದ, ಪೌಡರ್ ಮೆತ್ತಿಕೊಂಡ ಫೋಟೊ. ಕೆಳಗೆ ದಪ್ಪಕ್ಷರದಲ್ಲಿ, 'ನಿಮ್ಮ ಮನೆಮಗಳಿಗೇ ನಿಮ್ಮ ಮತ'.

ನಿನ್ನೆ ಸಂಜೆ ಚುನಾವಣಾಧಿಕಾರಿಯ ಫೋನ್ ಬಂದಾಗ ಆಕೆ ನಂಬಿರಲಿಲ್ಲ. ಶಾಲೆಯ ಗೋಡೆಗೆ ಪೋಸ್ಟರ್ ಹಚ್ಚಿದ್ದೀರೆಂದು ಎದುರಾಳಿ ಕಡೆಯವರು ದೂರು ಕೊಟ್ಟಿದ್ದಾರೆ, ನಾಳೆ ಮಧ್ಯಾಹ್ನದೊಳಗೆ ಗೋಡೆ ಖಾಲಿಯಾಗದಿದ್ದರೆ ಕೇಸು ಎಂದು ಅವರು ಹೇಳಿದ್ದರು. "ನಾನು ಪೋಸ್ಟರೇ ಮಾಡಿಸಿಲ್ಲ ಸಾರ್, ಹಚ್ಚೋದು ಎಲ್ಲಿಂದ ಬಂತು" ಎಂದು ನಕ್ಕುಬಿಟ್ಟಿದ್ದಳು. ಈಗ ನಗು ಬರುತ್ತಿಲ್ಲ. ಸೆರಗು ಸಿಕ್ಕಿಸಿ, ಏಣಿ ಒರಗಿಸಿ, ತನ್ನ ಮುಖಕ್ಕೆ ತಾನೇ ನೀರು ಸವರತೊಡಗುತ್ತಾಳೆ.

ಮೊನ್ನೆಮೊನ್ನೆಯವರೆಗೂ ಆಕೆ ಪುರಸಭೆಯ ಗುತ್ತಿಗೆ ನೌಕರಳು. ಗೋಡೆ, ಕಂಬ, ಬಸ್ ನಿಲ್ದಾಣ ಎಲ್ಲೆಂದರಲ್ಲಿ ಅಂಟಿಸಿದ ಕಾಗದವನ್ನು ನೆನೆಸಿ, ಕಬ್ಬಿಣದ ಪಟ್ಟಿಯಿಂದ ಕೆರೆದು, ಜನ ಏಳುವಷ್ಟರಲ್ಲಿ ಚೊಕ್ಕ ಮಾಡುವುದು ಕೆಲಸ. ಧೂಳಿಗೆಂದು ಮುಖಕ್ಕೆ ಬಟ್ಟೆ ಕಟ್ಟುವುದರಿಂದ ಊರಿಗೆಲ್ಲ ಆಕೆಯ ಕಣ್ಣಷ್ಟೇ ಪರಿಚಯ. ಹೆಸರೂ ಬೇಕಾಗಲಿಲ್ಲ, ಗೋಡೆಯಕ್ಕ ಅಂದರೆ ಸಾಕು. "ಅಪ್ಪ ಹಚ್ಚಿ ಹಚ್ಚಿ ನನಗೆ ಅನ್ನ ಹಾಕಿದ್ರು. ನಾನು ಕೆರೆದು ಕೆರೆದು ಅವರಿಗೆ ಹಾಕ್ತಾ ಇದ್ದೆ. ಒಟ್ಟಿನಲ್ಲಿ ಗೋಡೆ ನಮ್ಮನ್ನ ಕೈಬಿಟ್ಟಿಲ್ಲ" ಎನ್ನುತ್ತಾಳೆ.

ಅಂಥವಳು ಚುನಾವಣೆಗೆ ನಿಂತದ್ದಕ್ಕೂ ಒಂದು ಏಣಿಯೇ ಕಾರಣ. ಮೆಟ್ಟಿಲು ಕಿತ್ತುಹೋದ ಏಣಿಯಿಂದ ಜೊತೆಗಾತಿಯೊಬ್ಬಳು ಬಿದ್ದು ಸೊಂಟ ಮುರಿದುಕೊಂಡಳು. ಹೊಸ ಏಣಿ ಕೊಡಿಸಿ ಎಂದು ಕೇಳಲು ಗೋಡೆಯಕ್ಕ ವಾರ್ಡಿನ ಸದಸ್ಯರ ಮನೆಗೆ ಹೋದಳು. ಅವರು ಕಾಫಿ ಲೋಟದಿಂದ ತಲೆ ಎತ್ತದೆ, "ಅದೆಲ್ಲ ನಿನಗ್ಯಾಕಮ್ಮ? ಗೋಡೆ ಕೆರಿಯೋಳು ಗೋಡೆ ಕೆರ್ಕೊಂಡಿರು" ಎಂದರು. ಹೊರಗೆ ಬಂದರೆ ಬೀದಿಯ ತುಂಬ ಅವರ ಹುಟ್ಟುಹಬ್ಬದ ಪೋಸ್ಟರು. ಅವತ್ತೇ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಈ ಸಲವೂ ನಿಂತಿದ್ದ ಅವರ ಎದುರಿಗೇ ನಿಂತಳು. ಗೆಲ್ಲಲಿ ಸೋಲಲಿ, ಮತ್ತೆ ಇತ್ತ ತಲೆ ಹಾಕಬೇಡ ಎಂದ ಗುತ್ತಿಗೆದಾರ. ಬೇಕರಿಯಲ್ಲಿ ದುಡಿಯುವ ಗಂಡ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ, "ನಿಂತಿದ್ದೀಯ, ನೆಟ್ಟಗೆ ನಿಲ್ಲು" ಎಂದನಂತೆ.

ಪ್ರಚಾರವೆಂದರೆ ಏಣಿ ಹೊತ್ತು ಮನೆಮನೆಗೆ ಹೋಗುವುದು. ಎಲ್ಲ ಬಾಗಿಲಲ್ಲೂ ಒಂದೇ ಮಾತು: "ನಾನು ನಿಮ್ಮ ಗೋಡೆಗೆ ಒಂದು ಚೂರು ಕಾಗದ ಹಚ್ಚಲ್ಲ. ಹಚ್ಚಿದ್ರೆ ನನಗೆ ಓಟು ಹಾಕಬೇಡಿ." ಆ ಮಾತೇ ಈಗ ಶಾಲೆಯ ಗೋಡೆಯ ಮೇಲೆ ಪಂಕ್ತಿಯಾಗಿ ನಿಂತು ಆಕೆಯನ್ನು ಅಣಕಿಸುತ್ತಿದೆ.

ಬಿಸಿಲು ಗೋಡೆಗೆ ತಾಗುವ ಹೊತ್ತಿಗೆ ಅಪ್ಪ ಬರುತ್ತಾರೆ. ಏಣಿಯ ಬುಡದಲ್ಲಿ ನಿಂತು, ನೆಲಕ್ಕೆ ಬಿದ್ದ ಚೂರುಗಳನ್ನು ನೋಡುತ್ತಾರೆ.

"ಎಷ್ಟು ಗಟ್ಟಿ ಹಚ್ಚಿದ್ದೀಯಪ್ಪಾ, ಉಗುರೇ ಊರ್ತಾ ಇಲ್ಲ" ಎನ್ನುತ್ತಾಳೆ ಮಗಳು, ತಿರುಗದೆ.

"ಮತ್ತೇನಂದ್ಕೊಂಡೆ? ನಾನು ಹಚ್ಚಿದ್ದು ಮಳೆಗೂ ಜಗ್ಗಲ್ಲ." ಬೈಸಿಕೊಳ್ಳಲು ಬಂದವರಿಗೂ ಹೆಮ್ಮೆ ತಡೆಯಲಾಗುವುದಿಲ್ಲ.

"ಯಾರನ್ನ ಕೇಳಿ ಹಚ್ಚಿದೆ?"

"ಮಗಳ ಮುಖ ಹಚ್ಚೋಕೆ ಯಾರ ಅಪ್ಪಣೆ? ಪ್ರೆಸ್ಸಿನವನು ಹಳೇ ಸ್ನೇಹಿತ, ಉಳಿದಿದ್ದ ಕಾಗದದಲ್ಲಿ ಹೊಡ್ಕೊಟ್ಟ. ನೀನು ಆ ಕಡೆ ಬೀದಿ ಸುತ್ತುವಾಗ ಹಚ್ಚಿದೆ." ನೆಲದಿಂದ ಒಂದು ಚೂರು ಎತ್ತಿಕೊಂಡು, "ಜೀವಮಾನವೆಲ್ಲ ಕಂಡೋರ ಮುಖ ಹಚ್ಚಿದೀನಿ ಕಣೇ. ನಮ್ಮೋರದ್ದು ಒಂದು ಸಲ ಹಚ್ಚಬಾರದಾ?"

ಕಬ್ಬಿಣದ ಪಟ್ಟಿ ಗೋಡೆಯ ಮೇಲೆ ನಿಂತುಬಿಡುತ್ತದೆ. ಗೋಡೆಯಕ್ಕ ಏಣಿಯಿಂದ ಎರಡು ಮೆಟ್ಟಿಲು ಇಳಿದು ಅಪ್ಪನ ಮುಖ ನೋಡುತ್ತಾಳೆ. "ಹಚ್ಚಬಹುದಿತ್ತಪ್ಪ. ಆದ್ರೆ ನಾನು ಜನಕ್ಕೆ ಕೊಟ್ಟಿರೋದು ಒಂದೇ ಮಾತು. ಕೆಲಸಾನೂ ಬಿಟ್ಟು ಬಂದೆ. ಆ ಮಾತೂ ಹೋದ್ರೆ ಏನು ಇಟ್ಕೊಂಡು ನಿಲ್ಲಲಿ?"

ಅಪ್ಪ ಎರಡೂ ಕೈಯಿಂದ ಏಣಿಯ ಕಾಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಗೋಡೆಯತ್ತ ಕತ್ತೆತ್ತಿ, "ನಡುವಿಗೆ ಅಂಟು ಸವರಿಲ್ಲ. ಅಂಚಿಗೆ ಮಾತ್ರ. ಮೇಲಿನಂಚು ಸೀಳಿ ಎಳಿ, ಹಾಳೆ ಹಾಗೇ ಬರುತ್ತೆ" ಎನ್ನುತ್ತಾರೆ.

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲ?"

"ನಾನು ಹಚ್ಚೋ ಪೈಕಿ, ನೀನು ಕೆರಿಯೋ ಪೈಕಿ. ಹೇಳ್ತೀನಾ?"

ಏಣಿಯ ಮೇಲೊಂದು, ಕೆಳಗೊಂದು ನಗು. ಅಲ್ಲಿಂದ ಕೆಲಸ ಚುರುಕಾಗುತ್ತದೆ. ಹಾಳೆಗಳು ಒಂದೊಂದಾಗಿ, ಬಾಳೆ ಸಿಪ್ಪೆ ಸುಲಿದಂತೆ ಬರುತ್ತವೆ. ಹಾಲು ಹಾಕಲು ಹೊರಟ ಸೈಕಲ್ಲಿನವನು ನಿಂತು, "ಯಾರಕ್ಕಾ ಇದು, ಸಿನಿಮಾದವರಾ?" ಎಂದು ಕೇಳುತ್ತಾನೆ. "ಹೂಂ, ಓಡದೇ ಇರೋ ಸಿನಿಮಾ" ಎನ್ನುತ್ತಾಳೆ ಗೋಡೆಯಕ್ಕ. ಅವನು ನಗುತ್ತಲೇ ಬಕೆಟ್ ತೆಗೆದುಕೊಂಡು ಹೋಗಿ, ಬೀದಿ ನಲ್ಲಿಯಲ್ಲಿ ತುಂಬಿಸಿ ತಂದಿಟ್ಟು ಹೋಗುತ್ತಾನೆ.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿರುವಾಗ ವಾರ್ಡಿನ ಸದಸ್ಯರ ಕಾರು ಗೋಡೆಯ ಪಕ್ಕ ನಿಧಾನವಾಗುತ್ತದೆ. ಗಾಜು ಇಳಿಯುತ್ತದೆ. "ಏನಮ್ಮ, ಕೊನೆಗೆ ನಿನ್ನ ಮುಖ ನೀನೇ ಕೆರ್ಕೊಳ್ಳೋ ಹಾಗಾಯ್ತಲ್ಲ."

ಗೋಡೆಯಕ್ಕ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಾಳೆ. ಏಣಿಯ ಮೇಲಿಂದಲೇ, ದನಿ ಏರಿಸದೆ ಹೇಳುತ್ತಾಳೆ: "ಕಷ್ಟ ಆಗ್ಲಿಲ್ಲ ಅಣ್ಣ. ಇಷ್ಟು ವರ್ಷ ನಿಮ್ಮ ಮುಖ ಕೆರೆದು ಕೈ ಪಳಗಿದೆ. ನನ್ನದು ನಾನು ತೆಗೆದೆ. ನಿಮ್ಮದು ಬಸ್ ನಿಲ್ದಾಣದ ತುಂಬಾ ಇದೆ, ಏಣಿ ಬೇಕಾ?"

ಗಾಜು ಏರುತ್ತದೆ. ಕಾರು ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ಬಂದ ಚುನಾವಣಾಧಿಕಾರಿ ಒದ್ದೆ ಗೋಡೆಯ ಉದ್ದಕ್ಕೂ ನಡೆದು ನೋಡುತ್ತಾರೆ. ಕೇಸು ಇಲ್ಲ ಎನ್ನುತ್ತಾರೆ. ದೂರು ಕೊಡಬೇಕಾದರೆ ತಾನೂ ಕೊಡಬಹುದೇ ಎಂದು ಗೋಡೆಯಕ್ಕ ಕೇಳುತ್ತಾಳೆ. ಬಸ್ ನಿಲ್ದಾಣದ ವಿಷಯ. ಬರೆದುಕೊಡಿ ಎನ್ನುತ್ತಾರೆ ಅವರು. ನಿಂತಲ್ಲೇ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕಾಗದವಿಟ್ಟು ಬರೆದುಕೊಡುತ್ತಾಳೆ.

ಗೆದ್ದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಯೋಚಿಸುವುದೇ ಇಲ್ಲ. "ಎಲ್ಲಾ ಮೆಟ್ಟಿಲೂ ಇರೋ ಏಣಿ. ಆಮೇಲೆ ಕೈಗವಸು. ಬಿದ್ದವಳು ಎದ್ದು ಬರ್ತಾಳಲ್ಲ, ಅವಳ ಕೈಗೇ ಮೊದಲು ಕೊಡ್ತೀನಿ." ಸೋತರೆ? "ಅಣ್ಣ ಗೆದ್ದ ಖುಷಿಗೆ ಊರೆಲ್ಲ ಪೋಸ್ಟರ್ ಹಚ್ತಾರೆ. ಸಂಬಳ ಇಲ್ದಿದ್ರೂ ಮೊದಲನೇದು ನಾನೇ ಕೆರೀತೀನಿ."

ನೆರಳು ಗೋಡೆಯ ಬುಡಕ್ಕೆ ಸರಿದಿದೆ. ಗೋಡೆಯಕ್ಕ ಅಲ್ಲೇ ಕಾಲು ಚಾಚಿ ಕೂರುತ್ತಾಳೆ. ಮನೆಗೆ ಹೋಗಿದ್ದ ಅಪ್ಪ ಹಿಂತಿರುಗುತ್ತಾರೆ. ಮಗಳೆದುರು ಕುಕ್ಕರುಗಾಲಲ್ಲಿ ಕೂತು, ಚೊಂಬಿನಿಂದ ಅವಳ ಕೈಗೆ ನೀರು ಹೊಯ್ಯುತ್ತಾರೆ. ಬೆರಳ ಸಂದಿಯ ಅಂಟು ಪೂರ್ತಿ ಬಿಡುವವರೆಗೂ ಹೊಯ್ಯುತ್ತಲೇ ಇರುತ್ತಾರೆ. ಆಮೇಲೆ ಊಟದ ಡಬ್ಬಿಯ ಮುಚ್ಚಳ ತೆಗೆದು ಅವಳ ಕೈಗಿಡುತ್ತಾರೆ.